ಕೆಳಗೆ ಕುಡಿಯುವವರು

ಡಿಸೆಂಬರ್ ಬಂತೆಂದರೆ ನಮ್ಮ ವಿಲ್ಸನ್ ಗಾರ್ಡನ್‌ನ ಓಣಿಗಳಲ್ಲಿ ಒಂದೇ ಮಾತು: “ಈ ಸಲ ಎಲ್ಲಿಗೆ?” ಮಕ್ಕಳಿಗೆ ಕ್ರಿಸ್‌ಮಸ್ ರಜೆ. ವರ್ಷವಿಡೀ ಅಂಗಡಿ, ಗ್ಯಾರೇಜು, ಆಫೀಸು ಎಂದು ಓಡಾಡಿದ ಗಂಡಸರಿಗೂ ಎರಡು ದಿನ ಬಿಡುವು. ಅಡುಗೆಮನೆಯ ಹೊಗೆಯಲ್ಲೇ ದಿನ ಕಳೆಯುವ ತಾಯಂದಿರಿಗೆ ಮಂಜು ಮುಸುಕಿದ ಬೆಟ್ಟವೊಂದನ್ನು ನೋಡುವ ಆಸೆ. ನಾಲ್ಕೈದು ಕುಟುಂಬಗಳು ಸೇರಿ ಹಣ ಹಾಕುತ್ತವೆ. ಟೆಂಪೋ ಟ್ರಾವೆಲರ್ ಗೊತ್ತಾಗುತ್ತದೆ. ಬಿರಿಯಾನಿಯ ದೇಗ್ಚಿ, ಚಾಪೆ, ಸ್ವೆಟರ್, ಆಟದ ಚೆಂಡು ಎಲ್ಲವೂ ಗಾಡಿ ಏರುತ್ತವೆ. ರಾತ್ರೋರಾತ್ರಿ ಊಟಿಗೋ ಮಡಿಕೇರಿಗೋ ಚಿಕ್ಕಮಗಳೂರಿಗೋ ಹೊರಟುಬಿಡುತ್ತಾರೆ.

ಇದರಲ್ಲಿ ತಪ್ಪೇನೂ ಇಲ್ಲ. ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯ ಆರಂಭ ಹೇಗಾಯಿತೆಂದು ನೋಡುವಂತೆ ಪವಿತ್ರ ಕುರ್‌ಆನ್ ಆಹ್ವಾನಿಸುತ್ತದೆ (ಅಲ್ ಅನ್‌ಕಬೂತ್: 20). ಪರ್ವತಗಳನ್ನು ಹೇಗೆ ನೆಡಲಾಗಿದೆಯೆಂದು ನೋಡಲಾರಿರಾ ಎಂದು ಕೇಳುತ್ತದೆ (ಅಲ್ ಗಾಶಿಯಾ: 19). ಪ್ರವಾದಿವರ್ಯರು(ಸ) ಉಹುದ್ ಬೆಟ್ಟವನ್ನು ಕಂಡಾಗ, ಅದು ನಮ್ಮನ್ನು ಪ್ರೀತಿಸುತ್ತದೆ, ನಾವೂ ಅದನ್ನು ಪ್ರೀತಿಸುತ್ತೇವೆ ಎಂಬರ್ಥದ ಮಾತನ್ನು ಹೇಳಿದ್ದು ಬುಖಾರಿಯಲ್ಲಿ ವರದಿಯಾಗಿದೆ. ಆದುದರಿಂದ ಬೆಟ್ಟಕ್ಕೆ ಹೋಗಬೇಕೇ ಬೇಡವೇ ಎಂಬುದು ಈ ಲೇಖನದ ಪ್ರಶ್ನೆಯಲ್ಲ. ನಮಗೆ ಅನುಮತಿಸಲಾದ ಒಂದು ಸಂತೋಷದ ಭಾರ ನಮ್ಮ ಕಣ್ಣಿಗೆ ಬೀಳದ ಇನ್ನೊಬ್ಬರ ಹೆಗಲ ಮೇಲೆ ಬೀಳುವುದಾದರೆ, ಆಗಲೂ ಅದು ನಮ್ಮ ಹಕ್ಕೇ ಎಂಬುದು ಪ್ರಶ್ನೆ. ಈ ಪ್ರಶ್ನೆಯನ್ನು ನನಗೆ ಕೇಳಿದ್ದು ಗ್ರಂಥವಲ್ಲ, ಹನ್ನೊಂದು ವರ್ಷದ ಒಬ್ಬ ಹುಡುಗ.

ಹಳ್ಳದ ಬಳಿ ನಡೆದದ್ದು

ಅದು 2023ರ ಡಿಸೆಂಬರ್‌ನ ಕೊನೆಯ ವಾರ. ನಮ್ಮ ಬೀದಿಯ ಐದು ಕುಟುಂಬಗಳು ಸೇರಿ ಮೂಡಿಗೆರೆ ತಾಲೂಕಿನ ಬೆಟ್ಟವೊಂದಕ್ಕೆ ಹೋಗಿದ್ದೆವು. ಮಕ್ಕಳಲ್ಲಿ ಹೆಚ್ಚಿನವರು ನನ್ನಲ್ಲಿ ಮದ್ರಸ ಪಾಠ ಕಲಿಯುವವರು. ಮಧ್ಯಾಹ್ನ ಕಾಫಿ ತೋಟದ ಅಂಚಿನಲ್ಲಿ ಒಂದು ಹಳ್ಳ ಸಿಕ್ಕಿತು. ನೆರಳಿತ್ತು, ನೀರಿತ್ತು. ಅಲ್ಲೇ ಗಾಡಿ ನಿಲ್ಲಿಸಿದೆವು. ಊಟವಾದ ಮೇಲೆ ಹೆಂಗಸರು ಎಣ್ಣೆ ಹಿಡಿದ ದೇಗ್ಚಿಯನ್ನು ಸೋಪಿನ ಪುಡಿ ಹಾಕಿ ಹಳ್ಳದಲ್ಲೇ ತೊಳೆದರು. ಹುಡುಗರು ಶಾಂಪೂ ಹಚ್ಚಿಕೊಂಡು ಸ್ನಾನ ಮಾಡಿದರು. ಡ್ರೈವರ್ ತನ್ನ ಗಾಡಿಯನ್ನೂ ತೊಳೆದ. ನಾನು ಸ್ವಲ್ಪ ಮೇಲೆ ಕುಳಿತು ವುಝೂ ಮಾಡಿ, ಝುಹರ್ ನಮಾಝನ್ನು ಕಸ್ರ್ ಮಾಡಲು ಗಂಡಸರನ್ನು ಕರೆದೆ.

ನಮಾಝ್ ಮುಗಿಸಿ ಏಳುವಾಗ, ಸೊಂಟಕ್ಕೆ ಕಾಫಿ ಕೊಯ್ಯುವ ಚೀಲ ಕಟ್ಟಿಕೊಂಡಿದ್ದ ಹೆಂಗಸೊಬ್ಬರು ಕೊಡ ಹಿಡಿದು ನಿಂತಿದ್ದರು. ನಾವು ನಮಾಝ್ ಮುಗಿಸಲೆಂದೇ ಕಾದಿದ್ದರೆಂದು ಕಾಣುತ್ತದೆ. ಗಡ್ಡ ಟೋಪಿ ಇದ್ದ ನನ್ನನ್ನೇ ಹಿರಿಯನೆಂದು ತಿಳಿದು ಮೆಲ್ಲಗೆ ಹೇಳಿದರು: “ಸಾಬ್ರೇ, ಸೋಪು ಹಾಕ್ಬೇಡಿ ಮಾರಾಯ್ರೆ. ಕೆಳಗೆ ಲೈನಿನವರು ಕುಡಿಯೋದು ಇದೇ ನೀರು.”

“ಆಯ್ತಮ್ಮಾ, ಆಯ್ತು” ಎಂದೆ. ಅವರು ಮತ್ತೇನೂ ಹೇಳಲಿಲ್ಲ. ಖಾಲಿ ಕೊಡ ಹಿಡಿದು, ನಾವಿದ್ದ ಜಾಗವನ್ನೂ ದಾಟಿ, ಹಳ್ಳದ ಅಂಚಿನಲ್ಲೇ ಮೇಲಕ್ಕೆ ಹತ್ತಿ ಹೋದರು.

ಆಗ ನನ್ನ ವಿದ್ಯಾರ್ಥಿಯೊಬ್ಬ ಹತ್ತಿರ ಬಂದು ಕೇಳಿದ: “ಹಜ್ರತ್, ಹರಿಯುವ ನೀರು ಪಾಕ್ ಅಂತ ನೀವೇ ಹೇಳಿಕೊಟ್ಟಿದ್ದೀರಲ್ಲಾ? ಮತ್ತೆ ಅವರು ಯಾಕೆ ಬೇಡ ಅಂದರು?”

ಉತ್ತರ ಕೊಡಬೇಕಾದ ಹೊತ್ತು ಅದಾಗಿತ್ತು. ನಾನು ಕೊಡಲಿಲ್ಲ. “ಹೊತ್ತಾಯಿತು, ಗಾಡಿ ಹತ್ತು” ಎಂದೆ.

ಪಾಕ್ ಬೇರೆ, ಹಕ್ಕು ಬೇರೆ

ಹುಡುಗ ಹೇಳಿದ್ದು ಸುಳ್ಳಲ್ಲ. ಹರಿಯುವ ನೀರಿಗೆ ಏನಾದರೂ ಬಿದ್ದರೆ, ಬಣ್ಣ, ರುಚಿ, ವಾಸನೆ ಕೆಡದಿರುವ ತನಕ ಅದು ವುಝೂವಿಗೆ ಯೋಗ್ಯ ಎಂದು ನಾನೇ ಪಾಠ ಮಾಡಿದ್ದೆ. ಸೋಪು ನಜಸ್ ಕೂಡ ಅಲ್ಲ. ಫಿಕ್‌ಹ್‌ನ ಆ ಪುಟದ ಪ್ರಕಾರ ನಾವು ಮಾಡಿದ್ದರಲ್ಲಿ ದೋಷ ಹುಡುಕುವುದು ಕಷ್ಟ. ಆದರೆ ಆ ಪುಟ ಉತ್ತರಿಸುವ ಪ್ರಶ್ನೆ ಯಾವುದು? ಈ ನೀರಿನಿಂದ ನನ್ನ ನಮಾಝ್ ಆಗುತ್ತದೆಯೇ ಎಂಬುದು. ಈ ನೀರನ್ನು ನನ್ನ ನಂತರ ಯಾರು ಕುಡಿಯುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಬೇರೆ ಪುಟದಲ್ಲಿದೆ. ನಾನು ಮಕ್ಕಳಿಗೆ ಮೊದಲನೆಯ ಪುಟವನ್ನು ಬಾಯಿಪಾಠ ಮಾಡಿಸಿದ್ದೆ. ಎರಡನೆಯದನ್ನು ತೆರೆದೇ ಇರಲಿಲ್ಲ.

ಆ ಎರಡನೆಯ ಪುಟದಲ್ಲಿ ಒಂದು ಪ್ರಸಿದ್ಧ ವ್ಯಾಜ್ಯವಿದೆ. ಮದೀನಾದ ಕಲ್ಲುನೆಲದ ಕಾಲುವೆಯ ನೀರಿಗಾಗಿ ಹಝ್ರತ್ ಝುಬೈರ್(ರ) ಮತ್ತು ಅನ್ಸಾರಿಯೊಬ್ಬರ ನಡುವೆ ತಕರಾರಾಯಿತು. ಝುಬೈರ್‌ರ ತೋಟ ಮೇಲಿತ್ತು, ಅನ್ಸಾರಿಯದ್ದು ಕೆಳಗೆ. ಮೇಲಿನವರು ತಮ್ಮ ಗಿಡಗಳಿಗೆ ನೀರುಣಿಸಿ ಅನಂತರ ನೆರೆಯವನ ಕಡೆಗೆ ಹರಿಯಬಿಡಬೇಕೆಂದು ಪ್ರವಾದಿವರ್ಯರು(ಸ) ತೀರ್ಪಿತ್ತರು. ಅನ್ಸಾರಿ ಒಪ್ಪದೆ ಸಿಟ್ಟಾದಾಗ ಝುಬೈರ್‌ರಿಗೆ ಅವರ ಪೂರ್ಣ ಹಕ್ಕನ್ನು ಕೊಡಿಸಲಾಯಿತು. ಆದರೆ ಆ ಪೂರ್ಣ ಹಕ್ಕಿಗೂ ಒಂದು ಮೇರೆ ಇತ್ತು. ನೀರು ಕಣಕಾಲಿನ ಮಟ್ಟಕ್ಕೆ ನಿಲ್ಲುವಷ್ಟು ಎಂದು ವಿದ್ವಾಂಸರು ಅದನ್ನು ಗುರುತಿಸಿದರು. ಅಷ್ಟರ ನಂತರ ನೀರು ಕೆಳಗಿನವನದು. ಗಮನಿಸಿರಿ, ಮೇಲಿರುವವನಿಗೆ ಮೊದಲ ಸರದಿ ಸಿಕ್ಕಿತೇ ಹೊರತು ಒಡೆತನ ಸಿಗಲಿಲ್ಲ. ಮೇಲಿರುವುದು ಒಂದು ಹೊಣೆ.

ಪ್ರವಾಸಿಗನ ಸ್ಥಿತಿಯೂ ಇದುವೇ. ಬೆಟ್ಟ ಹತ್ತಿದಾಗ ಅವನು ಎರಡು ದಿನದ ಮಟ್ಟಿಗೆ ಎಲ್ಲರಿಗಿಂತ ಮೇಲಿರುತ್ತಾನೆ. ಅವನು ಬಿಟ್ಟದ್ದೆಲ್ಲ ಕೆಳಗೆ ಇಳಿಯುತ್ತದೆ. ನೀರಿನ ನೆಲೆ, ಜನ ನಡೆಯುವ ದಾರಿ, ನೆರಳು ಈ ಮೂರು ಕಡೆ ಮಲವಿಸರ್ಜನೆ ಮಾಡುವುದು ಶಾಪಕ್ಕೆ ಕಾರಣವೆಂದು ಎಚ್ಚರಿಸುವ ಹದೀಸ್ ಅಬೂದಾವೂದ್‌ನಲ್ಲಿದೆ. ಈ ಮೂರೂ ಸ್ಥಳಗಳ ವಿಶೇಷವೇನು? ನಾವು ಹೋದ ಮೇಲೆ ಬೇರೊಬ್ಬರು ಬರುವ ಜಾಗಗಳವು. ಅವರ ಮುಖ ನಮಗೆ ಗೊತ್ತಿಲ್ಲ. ಆದರೂ ಅವರ ಹಕ್ಕು ನಮ್ಮ ಮೇಲಿದೆ.

ಚಳಿಗಾಲದ ಬೆಟ್ಟ

ಮಳೆಗಾಲದಲ್ಲಿ ಹೋಗಿದ್ದರೆ ನಮ್ಮ ಸೋಪಿನ ನೊರೆ ಹಳ್ಳದ ರಭಸದಲ್ಲಿ ಕರಗಿಹೋಗುತ್ತಿತ್ತೋ ಏನೋ. ಚಳಿಗಾಲದ ಬೆಟ್ಟ ಹಾಗಲ್ಲ. ಪಶ್ಚಿಮ ಘಟ್ಟದ ನೆತ್ತಿಯ ಮೇಲೆ ಹುಲ್ಲುಗಾವಲು, ಅದರ ಮಡಿಕೆಗಳಲ್ಲಿ ಶೋಲಾ ಕಾಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದ ಮಳೆಯನ್ನು ಹುಲ್ಲಿನ ಬೇರು ಮತ್ತು ತರಗೆಲೆ ತುಂಬಿದ ಮಣ್ಣು ಹೀರಿ ಇಟ್ಟುಕೊಂಡು ಮುಂದಿನ ಒಣ ತಿಂಗಳುಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬಿಡುತ್ತವೆ. ಡಿಸೆಂಬರ್‌ನಲ್ಲಿ ನಾವು ಕಾಣುವ ಸಣ್ಣ ಹಳ್ಳ ಈ ಉಳಿತಾಯದ ಹಣ. ಜೀಪು ಬೈಕುಗಳನ್ನು ಹುಲ್ಲಿನ ಮೇಲೆ ಓಡಿಸಿ ಗಾಲಿಯ ಜಾಡು ಕೊರೆದರೆ ಆ ಜಾಡಿನಲ್ಲೇ ಮಣ್ಣು ಕೊಚ್ಚಿಹೋಗುತ್ತದೆ. ಇಬ್ಬನಿಗೆ ಬಾಡಿ ಒಣಗತೊಡಗಿದ ಹುಲ್ಲಿಗೆ ಚಳಿ ಕಾಯಿಸುವ ಬೆಂಕಿಯ ಒಂದು ಕಿಡಿ ಸಾಕು. ಕಾಫಿ ಕೊಯ್ಲಿನ ಕಾಲವೂ ಇದುವೇ. ತೋಟಗಳ ಲೈನ್ ಮನೆಗಳು ಕೂಲಿಯವರಿಂದ ತುಂಬಿರುತ್ತವೆ. ನೀರಿನ ಬಳಕೆ ಹೆಚ್ಚು, ನೀರು ಕಡಿಮೆ. ಅದೇ ವಾರ ನಮ್ಮ ರಜೆ.

ಮೇಲಾಗಿ 2023 ಮಳೆ ಕೈಕೊಟ್ಟ ವರ್ಷ. ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರಕಾರ ಘೋಷಿಸಿತ್ತು. ಪತ್ರಿಕೆಯಲ್ಲಿ ಈ ಸುದ್ದಿಯನ್ನು ನಾನು ಓದಿದ್ದೆ. ಓದಿದ್ದಕ್ಕೂ ಆ ಹಳ್ಳಕ್ಕೂ ಸಂಬಂಧವಿದೆಯೆಂದು ಮಾತ್ರ ನನಗೆ ಹೊಳೆಯಲಿಲ್ಲ.

ಮೂರು ತಿಂಗಳ ನಂತರ

ಹೊಳೆದದ್ದು 2024ರ ಮಾರ್ಚ್‌ನಲ್ಲಿ. ಬೆಂಗಳೂರಿನ ಕೊಳವೆ ಬಾವಿಗಳು ಬತ್ತಿದವು. ಟ್ಯಾಂಕರ್‌ಗಳ ಮುಂದೆ ಕೊಡಗಳ ಸಾಲು ನಿಂತಿತು. ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿತು. ಅದೇ ಮಾರ್ಚ್ 12ರಂದು ನಮ್ಮಲ್ಲಿ ರಮಝಾನ್ ಆರಂಭವಾಯಿತು. ನಮ್ಮ ಮಸೀದಿಯಲ್ಲಿ ನಲ್ಲಿಗಳನ್ನು ಅರ್ಧ ಮುಚ್ಚಿ, ವುಝೂವಿಗೆ ಚೊಂಬುಗಳನ್ನು ಇಟ್ಟರು. ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಿಂದ, ಅಂದರೆ ಎರಡು ಕೈಗಳ ಬೊಗಸೆ ತುಂಬುವಷ್ಟು ಅಳತೆಯಿಂದ ವುಝೂ ಮಾಡುತ್ತಿದ್ದರೆಂಬ ಹದೀಸನ್ನು ನಾನು ಅಲ್ಲಿ ವಿವರಿಸಿ ಹೇಳಿದೆ. ಹೇಳುತ್ತಿರುವಾಗ ಹಳ್ಳದ ಬಳಿ ಕಂಡ ಆ ಖಾಲಿ ಕೊಡ ಕಣ್ಣ ಮುಂದೆ ಬಂತು.

ಮನೆಗೆ ಹೋಗಿ ಮಗನ ಭೂಪಟ ತೆಗೆದೆ. ಮೂಡಿಗೆರೆ ತಾಲೂಕಿನ ಬೆಟ್ಟಗಳಲ್ಲಿ ಹೇಮಾವತಿ ಹುಟ್ಟುತ್ತದೆ. ಗೊರೂರಿನ ಅಣೆಕಟ್ಟನ್ನು ದಾಟಿ ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುತ್ತದೆ. ಆ ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿ ಬೆಂಗಳೂರಿಗೆ ತರಲಾಗುತ್ತದೆ. ವಿಲ್ಸನ್ ಗಾರ್ಡನ್‌ನ ನಮ್ಮ ನಲ್ಲಿಯಲ್ಲಿ ಬರುವುದು ಅದುವೇ. ಕೆಳಗೆ ಕುಡಿಯುವವರು ಯಾರೆಂದು ಕೇಳಿದರೆ ಲೈನ್ ಮನೆಯವರು ಮೊದಲಿಗರು. ಸಾಲಿನ ಕೊನೆಯಲ್ಲಿ ನಿಂತಿರುವವರು ನಾವು.

ಹಾಗೆಂದು ನಮ್ಮ ನಲ್ಲಿಗೆ ಬರುತ್ತದೆಯೆಂಬ ಕಾರಣಕ್ಕೆ ಹಳ್ಳವನ್ನು ಕಾಪಾಡಬೇಕೆಂದು ನಾನು ಹೇಳುತ್ತಿಲ್ಲ. ಅದು ವ್ಯಾಪಾರದ ಲೆಕ್ಕವಾದೀತು. ನಮ್ಮ ನಲ್ಲಿಗೆ ಬಾರದ ಹಳ್ಳದ ಮೇಲೂ ಕೆಳಗಿನವರ ಹಕ್ಕು ಅಷ್ಟೇ ಇದೆ. ಆದರೆ ಮನುಷ್ಯನು ಸ್ವತಃ ಕೊಡ ಹಿಡಿದು ನಿಂತಾಗಲೇ ಇನ್ನೊಬ್ಬರ ಕೊಡವನ್ನು ಕಾಣುತ್ತಾನೆಂಬುದು ನನ್ನ ಮಟ್ಟಿಗಂತೂ ನಿಜವಾಯಿತು.

“ಹಣ ಕೊಟ್ಟಿದ್ದೇವಲ್ಲ!”

ಈ ಮಾತನ್ನು ನಮ್ಮ ಬೀದಿಯಲ್ಲಿ ಎತ್ತಿದಾಗ ಮೂರು ಆಕ್ಷೇಪಗಳು ಬಂದವು. ಮೂರೂ ತಳ್ಳಿಹಾಕುವಂಥವಲ್ಲ.

ಮೊದಲನೆಯದು: “ನಾವೇನು ಬಿಟ್ಟಿ ಹೋದೆವಾ? ಹೋಮ್‌ಸ್ಟೇಗೆ, ಗಾಡಿಗೆ, ಪಾರ್ಕಿಂಗಿಗೆ ಹಣ ಕೊಟ್ಟಿದ್ದೇವಲ್ಲ!” ಕೊಟ್ಟದ್ದು ನಿಜ. ಆದರೆ ಯಾರಿಗೆ? ಹಾಸಿಗೆ ಕೊಟ್ಟವರಿಗೆ ಹಾಸಿಗೆಯ ಬಾಡಿಗೆ ಸಂದಿತು. ಹಳ್ಳವನ್ನು ನಮಗೆ ಮಾರಲು ಅದು ಅವರ ಸೊತ್ತಲ್ಲ. ಹಡಗಿನ ಕೆಳ ಅಂತಸ್ತಿನವರು ತಮ್ಮ ಪಾಲಿನ ಜಾಗದಲ್ಲೇ ತೂತು ಕೊರೆದು ನೀರು ತೆಗೆಯಲು ಹೊರಟ ಉಪಮೆಯನ್ನು ಪ್ರವಾದಿವರ್ಯರು(ಸ) ಹೇಳಿದ್ದಾರೆ (ಬುಖಾರಿ). ಜಾಗ ಅವರದೇ, ಉದ್ದೇಶವೂ ಕೆಟ್ಟದಲ್ಲ. ಮುಳುಗುವುದು ಮಾತ್ರ ಇಡೀ ಹಡಗು.

ಎರಡನೆಯದು: “ನಮ್ಮೊಂದು ಗಾಡಿಯಿಂದ ಏನು ಮಹಾ ಆದೀತು?” 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಸಂತೆಯಂತೆ ಜನ ಸೇರಿದ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿದ್ದ ಪ್ರತಿಯೊಬ್ಬನೂ ತಾನೊಬ್ಬನೇ ಎಂದು ಹೊರಟವನು. ಅದಾದ ಮೇಲೆ ಆನ್‌ಲೈನ್ ನೋಂದಣಿ ಇಲ್ಲದ ಚಾರಣ ಹಾದಿಗಳನ್ನು ಅರಣ್ಯ ಇಲಾಖೆ ತಾತ್ಕಾಲಿಕವಾಗಿ ಮುಚ್ಚಬೇಕಾಯಿತು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿ ಮತ್ತು ಕೊಡೈಕನಾಲ್‌ಗೆ ಹೋಗುವ ವಾಹನಗಳಿಗೆ ಇ-ಪಾಸ್ ಬಂತು. ಮುಳ್ಳಯ್ಯನಗಿರಿಗೂ 2025ರ ಸೆಪ್ಟೆಂಬರ್‌ನಿಂದ ಮುಂಗಡ ನೋಂದಣಿ ಶುರುವಾಯಿತು. ಈ ನಿಯಮಗಳನ್ನು ಕಿರುಕುಳವೆಂದು ಗೊಣಗುವ ಬದಲು, ನಾವಾಗಿ ಹಾಕಿಕೊಳ್ಳದ ಮಿತಿಯನ್ನು ಸರಕಾರ ಹಾಕಬೇಕಾಯಿತಲ್ಲ ಎಂದು ನಾಚಬೇಕು. ಇಷ್ಟಕ್ಕೂ ನಿಯಮ ವಾಹನಗಳನ್ನು ಎಣಿಸೀತು. ಹಳ್ಳದ ಬಳಿ ನಾವು ಹೇಗೆ ಕೂರುತ್ತೇವೆಂಬುದನ್ನು ಎಣಿಸಲಾರದು.

ಮೂರನೆಯದನ್ನು ಹೇಳಿದವರು ಟೈಲರಿಂಗ್ ಮಾಡಿ ಮಕ್ಕಳನ್ನು ಸಾಕುವ ಒಬ್ಬ ಖಾಲಾ: “ಹಜ್ರತ್, ಶ್ರೀಮಂತರು ವಿಮಾನದಲ್ಲಿ ಹಿಮದ ಬೆಟ್ಟಕ್ಕೆ ಹೋಗಿ ಬರುತ್ತಾರೆ. ಮೂರು ವರ್ಷಕ್ಕೊಮ್ಮೆ ಹೊರಡುವ ನಮಗೇ ನೀವು ಉಪದೇಶ ಮಾಡುವುದಾ?” ಈ ಮಾತಿಗೆ ನಾನು ತಲೆತಗ್ಗಿಸಿದೆ. ಅವರ ಮಾತು ನ್ಯಾಯವಾದದ್ದು. ವಿಮಾನದ ಹೊಗೆಗೂ ನಮ್ಮ ದೇಗ್ಚಿಯ ಎಣ್ಣೆಗೂ ಹೋಲಿಕೆಯಿಲ್ಲ. ಬೆಟ್ಟದ ಇಳಿಜಾರನ್ನು ಕಡಿದು ರೆಸಾರ್ಟು ಕಟ್ಟುವವನ ಲೆಕ್ಕ ನಮ್ಮದಕ್ಕಿಂತ ಬಹಳ ದೊಡ್ಡದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ, ಅತಿಮಳೆಯೊಂದಿಗೆ ಇಳಿಜಾರುಗಳನ್ನು ಮನಬಂದಂತೆ ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದ್ದರು. ಆದರೆ ದೊಡ್ಡ ತಪ್ಪು ಮಾಡಿದವನ ವಿಚಾರಣೆಯಿಂದ ನಮ್ಮ ಸಣ್ಣ ತಪ್ಪು ಮಾಫಿಯಾಗುವುದಿಲ್ಲ. ಅಂದು ಹಳ್ಳದ ಕೆಳಗಿದ್ದವರು ಶ್ರೀಮಂತರಲ್ಲ. ಖಾಲಾರಂತೆಯೇ ದುಡಿದು ಉಣ್ಣುವ ಹೆಂಗಸರು. ಇದನ್ನು ಹೇಳಿದಾಗ ಖಾಲಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ದೇಗ್ಚಿ ತೊಳೆದವಳು ನಾನೇ ಅಲ್ಲವಾ” ಎಂದರು.

ಹೊರಡುವ ಮುನ್ನ

2024ರ ಡಿಸೆಂಬರ್‌ನಲ್ಲಿ ಅದೇ ಐದು ಕುಟುಂಬಗಳು ಮತ್ತೆ ಹೊರಟೆವು. ಈ ಬಾರಿ ಹೊರಡುವ ವಾರದ ಮೊದಲೇ ಹಿರಿಯರು ಮಕ್ಕಳೆಲ್ಲ ಕುಳಿತು ತೀರ್ಮಾನಿಸಿದೆವು. ಓದುಗ ಬಂಧುಗಳಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಕ್ರಿಸ್‌ಮಸ್ ಮತ್ತು ಹೊಸ ವರ್ಷದ ನೂಕುನುಗ್ಗಲಿನ ದಿನಗಳನ್ನು ಬಿಟ್ಟು ಅವುಗಳ ನಡುವಿನ ದಿನಗಳನ್ನು ಆರಿಸಿದೆವು. ಬಾಡಿಗೆ ಗಾಡಿಯ ಬದಲು ಸರಕಾರಿ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಮುಂದಕ್ಕೆ ಆ ಊರಿನವರದೇ ಜೀಪು ಹಿಡಿದೆವು. ಬಾಡಿಗೆ ಅಲ್ಲಿನವರ ಕೈಸೇರಿತು. ರಾತ್ರಿ ಪ್ರಯಾಣ ಬೇಡವೆಂದೆವು. ಊಟಿಯ ದಾರಿಯಲ್ಲಿ ಬಂಡೀಪುರದ ಕಾಡಿನೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ 2009ರಲ್ಲಿ ಬಂದದ್ದು ವನ್ಯಜೀವಿಗಳು ಗಾಡಿಗೆ ಸಿಕ್ಕಿ ಸಾಯುತ್ತಿದ್ದುದರಿಂದ. ಫಲಕವಿಲ್ಲದ ಘಟ್ಟದಲ್ಲೂ ಕಾಟಿ, ಕಡವೆ ರಾತ್ರಿಯೇ ರಸ್ತೆ ದಾಟುತ್ತವೆ.

ಉಳಿಯುವ ಮನೆಗೆ ಫೋನು ಮಾಡಿದಾಗ ಬಾಡಿಗೆ ಎಷ್ಟೆಂದು ಕೇಳುವ ಮೊದಲು ಎರಡು ಪ್ರಶ್ನೆ ಕೇಳಿದೆವು: ನೀರು ಎಲ್ಲಿಂದ ಬರುತ್ತದೆ? ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಇಂತಹ ಪ್ರಶ್ನೆಗಳನ್ನು ಹತ್ತು ಅತಿಥಿಗಳು ಕೇಳಿದರೆ ಹನ್ನೊಂದನೆಯವನು ಬರುವ ಮೊದಲು ಗುಂಡಿ ತೋಡಿಸುತ್ತಾರೆ.

ಪೇಪರ್ ತಟ್ಟೆಗಳ ಬದಲು ಮನೆಯ ಸ್ಟೀಲ್ ತಟ್ಟೆ ಲೋಟಗಳನ್ನು ಒಯ್ದೆವು. ದೇಗ್ಚಿ ಒಯ್ಯಲಿಲ್ಲ, ಅಲ್ಲಿನವರು ಮಾಡಿಕೊಟ್ಟ ಅಕ್ಕಿರೊಟ್ಟಿ ಉಂಡೆವು. ಎಂಜಲು ತಟ್ಟೆಗಳನ್ನು ಕಾಗದದಿಂದ ಒರೆಸಿ, ಹಳ್ಳದಿಂದ ದೂರ ಬಕೆಟ್ ನೀರಿನಲ್ಲಿ ತೊಳೆದೆವು. ಮಂಗಗಳಿಗೆ ತಿಂಡಿ ಎಸೆಯಬಾರದು, ಬೆಂಕಿ ಹಾಕಬಾರದು, ಹಾಡಿನ ಪೆಟ್ಟಿಗೆ ತರಬಾರದು ಎಂಬ ಮೂರು ನಿಯಮಗಳನ್ನು ಮಕ್ಕಳೇ ಮಾಡಿದರು. ಕಸವನ್ನು ಚೀಲದಲ್ಲಿ ತುಂಬಿ ವಾಪಸು ತಂದೆವು.

ಆ ಚೀಲದ ಬಗ್ಗೆಯೂ ಒಂದು ಮಾತು. ಬೆಂಗಳೂರಿಗೆ ತಂದ ಮಾತ್ರಕ್ಕೆ ಕಸ ಮಾಯವಾಗುವುದಿಲ್ಲ. ಈ ನಗರದ ಕಸವನ್ನು ವರ್ಷಗಟ್ಟಲೆ ತಮ್ಮ ಊರಿನಲ್ಲಿ ಸುರಿಸಿಕೊಂಡು, ಹೋರಾಡಿ, ಕೊನೆಗೆ 2014ರ ಕೊನೆಯಲ್ಲಿ ಲಾರಿಗಳನ್ನು ನಿಲ್ಲಿಸಿದ ಮಂಡೂರಿನ ಜನರೂ “ಕೆಳಗಿನವರೇ”. ಕಸ ವಾಪಸು ತರುವುದು ಒಳ್ಳೆಯದು. ಕಸವೇ ಆಗದಂತೆ ಹೊರಡುವುದು ಅದಕ್ಕಿಂತ ಒಳ್ಳೆಯದು.

ತೀರದ ಒಂದು ಸಾಲ

ಆ ಪ್ರವಾಸದಲ್ಲಿ ನನಗೊಂದು ಸ್ವಂತ ಕೆಲಸವೂ ಇತ್ತು. ಸಹಜೀವಿಯ ಹಕ್ಕಿನಲ್ಲಿ ಮಾಡಿದ ತಪ್ಪಿಗೆ ಅಲ್ಲಾಹನಲ್ಲಿ ತೌಬಾ ಮಾಡಿದರಷ್ಟೇ ಸಾಲದು, ಆ ಸಹಜೀವಿಯೂ ಕ್ಷಮಿಸಬೇಕೆಂದು ನಾವು ಕಲಿಸುತ್ತೇವೆ. ಆದುದರಿಂದ ಆ ವಿದ್ಯಾರ್ಥಿಯ ಕೈಹಿಡಿದು ಹಳ್ಳದ ಕೆಳಗಿನ ಲೈನ್ ಮನೆಗಳಿಗೆ ಹೋದೆ. ತೋಟದ ರೈಟರ್ ಸಿಕ್ಕಿದರು. ವಿಷಯ ಕೇಳಿ ನಕ್ಕು, “ಕಳೆದ ಸಲ ಕೊಯ್ಲಿಗೆ ಬಂದವರು ಅವರ ಊರಿಗೆ ಹೋದರು ಸರ್. ಈ ಸಲದವರು ಬೇರೆ” ಎಂದರು. ಯಾವ ಊರೆಂದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಹಿಂದಿರುಗುವಾಗ ಹುಡುಗ ಕೇಳಿದ: “ಈಗ ಏನು ಮಾಡುವುದು ಹಜ್ರತ್?” ಈ ಬಾರಿ ಗಾಡಿ ಹತ್ತು ಎನ್ನಲಿಲ್ಲ. ಅವನಿಗೆ ಹೀಗೆ ಹೇಳಿದೆ: ಆಕಾಶಗಳ, ಭೂಮಿಯ ಮತ್ತು ಪರ್ವತಗಳ ಮುಂದೆ ಅಮಾನತ್ತನ್ನು ಇಟ್ಟಾಗ ಅವು ಅದನ್ನು ಹೊರಲು ಅಂಜಿ ಹಿಂಜರಿದವು, ಮನುಷ್ಯ ಹೊತ್ತುಕೊಂಡನು ಎಂದು ಕುರ್‌ಆನ್ ಹೇಳುತ್ತದೆ (ಅಲ್ ಅಹ್‌ಝಾಬ್: 72). ಪರ್ವತ ಹೊರಲಾರೆನೆಂದ ಭಾರವನ್ನು ಹೊತ್ತವರು ನಾವು. ಹಾಗಿರುವಾಗ ಆ ಪರ್ವತದ ಮೇಲೆಯೇ ಹೋಗಿ ಅದನ್ನು ಇಳಿಸಿ ಬರಬಾರದು. ನೀರು ಪಾಕ್ ಎಂಬ ಪಾಠ ಸರಿಯಾಗಿತ್ತು. ಅದರ ಮುಂದಿನ ಪಾಠವನ್ನು ನಿನ್ನ ಉಸ್ತಾದ್ ಬಿಟ್ಟುಬಿಟ್ಟಿದ್ದ.

ಕ್ಷಮೆ ಕೇಳಬೇಕಾದವರ ವಿಳಾಸ ನನ್ನ ಬಳಿ ಇಲ್ಲ. ಇನ್ನು ಮುಂದೆ ಸಿಗುವ ಪ್ರತಿಯೊಂದು ಹಳ್ಳದ ಕೆಳಗೂ ಅವರೇ ಕುಳಿತಿದ್ದಾರೆಂದು ಭಾವಿಸಿ ನಡೆದುಕೊಳ್ಳುವುದೊಂದೇ ಉಳಿದಿರುವ ದಾರಿ. ಬೆಳಗಿನ ಫಜ್ರ್ ಹೊತ್ತಿನಲ್ಲಿ ನಲ್ಲಿ ತಿರುಗಿಸಿದಾಗ ಕಾವೇರಿ ಸಣ್ಣಗೆ ಬೀಳುತ್ತದೆ. ಚೊಂಬು ತುಂಬಿದೊಡನೆ ನಿಲ್ಲಿಸುತ್ತೇನೆ. ಮೇಲೆ ಯಾರೋ ಹಕ್ಕನ್ನು ಕಾಯ್ದುಕೊಂಡದ್ದರಿಂದ ಇಷ್ಟಾದರೂ ನನ್ನ ತನಕ ಬಂದಿದೆ. ನಮ್ಮ ಸಂತೋಷಗಳು ಯಾರ ಕೊಡವನ್ನೂ ಖಾಲಿ ಮಾಡದಿರುವಂತೆ ಬದುಕುವ ಸೌಭಾಗ್ಯವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.